ಹೊಸೂರಲ್ಲಿ ಹಾರುವ ಯಮಹಾ ಆರ್‌ಎಕ್ಸ್ ಮದ್ರಾಸ್ ಟ್ರ್ಯಾಕ್‌ನಲ್ಲಿ ಯಾಕೆ ಸೀಜ್ ಆಗುತ್ತದೆ? ಹಳೇ ಟೂ-ಸ್ಟ್ರೋಕ್ ರೇಸ್ ಬೈಕಿನ ದೋಷ ನಿವಾರಣೆ

ದೂರು ಯಾವಾಗಲೂ ಹೆಚ್ಚುಕಮ್ಮಿ ಒಂದೇ. ಬಾಗಲೂರು ರಸ್ತೆಯಲ್ಲಿ, ತಳಿ ಕಡೆ, ಡೆಂಕಣಿಕೋಟೆ ಕಡೆ ಬೈಕು ಚೆನ್ನಾಗಿ ಓಡುತ್ತದೆ. ಒಂದೇ ಕಿಕ್‌ಗೆ ಸ್ಟಾರ್ಟ್. ಪಿಕಪ್ ಬೇಕಾದಷ್ಟಿದೆ. ಅದೇ ಬೈಕನ್ನು ಗಾಡಿಗೆ ಹಾಕಿ, ಕೃಷ್ಣಗಿರಿ, ವೇಲೂರು ದಾಟಿ ಸುಮಾರು 270 ಕಿ.ಮೀ. ದೂರದ, ಚೆನ್ನೈ ಪಕ್ಕದ ಇರುಂಗಾಟ್ಟುಕೋಟ್ಟೈಯ ಮದ್ರಾಸ್ ರೇಸ್ ಟ್ರ್ಯಾಕಿಗೆ ಇಳಿಸುತ್ತಾರೆ. ಮೊದಲ ಒಂದೆರಡು ಸುತ್ತು ಸರಿ. ಆಮೇಲೆ ಉದ್ದನೆಯ ನೇರ ದಾರಿಯಲ್ಲಿ ಎಂಜಿನ್ ದನಿ ಸಣ್ಣಗಾಗುತ್ತದೆ, ಶಕ್ತಿ ಕುಗ್ಗುತ್ತದೆ, ಹಿಂದಿನ ಚಕ್ರ ಕಿರ್ ಅಂತ ಹಿಡಿದುಕೊಳ್ಳುತ್ತದೆ. ಪಿಸ್ಟನ್ ಸೀಜ್, ಅಂದರೆ ಪಿಸ್ಟನ್ ಸಿಲಿಂಡರ್ ಒಳಗೆ ಸಿಕ್ಕಿಹಾಕಿಕೊಂಡಿತು.

ಮಾರನೇ ದಿನ ಊರಿಗೆ ಬಂದು ಬೋರ್ ಹಾಕಿಸಿ (ಸಿಲಿಂಡರ್ ಒಳಗೋಡೆ ಕೊರೆಸಿ), ಹೊಸ ಪಿಸ್ಟನ್ ಕೂರಿಸಿ, ಮತ್ತೆ ಅದೇ ಟ್ರ್ಯಾಕಿಗೆ ಹೋಗಿ ಮತ್ತೆ ಅದೇ ಜಾಗದಲ್ಲಿ ಸೀಜ್ ಮಾಡಿಕೊಂಡು ಬರುವವರನ್ನು ಸುಮಾರು ನೋಡಿದ್ದೇನೆ. ಪಿಸ್ಟನ್ ಕಂಪನಿಗೆ ಬೈಯುತ್ತಾರೆ, ಆಯಿಲ್‌ಗೆ ಬೈಯುತ್ತಾರೆ. ನಮ್ಮ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಕಡೆಯ ಲೇತ್ ಅಂಗಡಿಯ ಹಿರಿಯರೊಬ್ಬರು ಇಂಥವರ ಬ್ಲಾಕ್ (ಸಿಲಿಂಡರ್) ಮುಟ್ಟುವುದೇ ಇಲ್ಲ. "ಯಾಕೆ ಹಿಡ್ಕೊಳ್ತು ಅಂತ ತಿಳ್ಕೊಂಡು ಬಾಪ್ಪ, ಆಮೇಲೆ ಬೋರ್ ಹಾಕ್ತೀನಿ" ಅಂತ ವಾಪಸ್ ಕಳಿಸುತ್ತಾರೆ. ಅವರು ಹೇಳುವುದೇ ಸರಿ. ಆ ಕಾರಣ ಹುಡುಕುವ ಕೆಲಸ ಹೇಗೆ ಮಾಡುವುದು ಅಂತ ಇಲ್ಲಿ ಬರೆದಿದ್ದೇನೆ.

ಆರ್‌ಎಕ್ಸ್ 100 ಇಟ್ಟುಕೊಂಡು ಬರೆಯುತ್ತೇನೆ, ಯಾಕೆಂದರೆ ಹಳೇ ಬೈಕ್ ರೇಸಿಗೆ ಹೊಸದಾಗಿ ಬರುವ ಹುಡುಗರಲ್ಲಿ ಜಾಸ್ತಿ ಜನರ ಕೈಯಲ್ಲಿ ಇರುವುದು ಅದೇ. 1985ರಲ್ಲಿ ಬಂದ ಗಾಡಿ, 1996ಕ್ಕೆ ನಿಂತಿತು. 98 ಸಿಸಿ, 11 ಎಚ್‌ಪಿ, ಗಾಳಿಯಲ್ಲೇ ತಣ್ಣಗಾಗಬೇಕಾದ ಎಂಜಿನ್. ನಮ್ಮ ಹೊಸೂರಲ್ಲೇ 1984ರಿಂದ ತಯಾರಾದ ಇಂಡ್-ಸುಜುಕಿ ಇದ್ದವರಿಗೂ, ಮೈಸೂರಿನ ಯೆಜ್ಡಿ ಇದ್ದವರಿಗೂ ಇದರಲ್ಲಿ ಮುಕ್ಕಾಲು ಭಾಗ ಹಾಗೇ ಅನ್ವಯಿಸುತ್ತದೆ.

ಕ್ಲಚ್ ಮೇಲೆ ಎರಡು ಬೆರಳು

ಟೂ-ಸ್ಟ್ರೋಕ್ ರೇಸ್ ಬೈಕಿನಲ್ಲಿ ಎಡಗೈಯ ಎರಡು ಬೆರಳು ಯಾವಾಗಲೂ ಕ್ಲಚ್ ಲಿವರ್ ಮೇಲೇ ಇರಬೇಕು. ದನಿ ಬದಲಾದ ಕ್ಷಣ ಕ್ಲಚ್ ಹಿಡಿಯಬೇಕು. ಯೋಚಿಸುತ್ತಾ ಕೂತರೆ ಚಕ್ರ ಲಾಕ್ ಆಗಿ ಬೀಳುವುದೇ. ಕ್ಲಚ್ ಹಿಡಿದ ಮೇಲೆ ಕೈ ಎತ್ತಿ ಹಿಂದಿನವರಿಗೆ ತೋರಿಸಿ, ನಿಧಾನಕ್ಕೆ ರೇಸ್ ಲೈನ್ ಬಿಟ್ಟು ಪಕ್ಕಕ್ಕೆ ಬನ್ನಿ. ಸ್ವಲ್ಪ ಹೊತ್ತಾದ ಮೇಲೆ ಎಂಜಿನ್ ತಣ್ಣಗಾಗಿ ಕಿಕ್ಕರ್ ಸಲೀಸಾಗಿ ತಿರುಗಬಹುದು. ಸ್ಟಾರ್ಟ್ ಕೂಡ ಆಗಬಹುದು. ಆದರೂ ಮತ್ತೆ ಟ್ರ್ಯಾಕಿಗೆ ಇಳಿಯಬೇಡಿ. ಒಂದು ಸಲ ಕೆರೆದ ಪಿಸ್ಟನ್ ಎರಡನೇ ಸಲ ಇನ್ನೂ ಬೇಗ ಹಿಡಿದುಕೊಳ್ಳುತ್ತದೆ.

ಎಲ್ಲಿ ಸತ್ತಿತು ಅನ್ನುವುದನ್ನು ಬರೆದಿಡಿ

ಸ್ಪಾನರ್ ಹಿಡಿಯುವ ಮುಂಚೆ ಪೆನ್ನು ಹಿಡಿಯಿರಿ. ಯಾವ ಗೇರ್, ಆಕ್ಸಿಲರೇಟರ್ ಎಷ್ಟು ತಿರುಗಿತ್ತು, ಎಷ್ಟನೇ ಸುತ್ತು, ನೇರ ದಾರಿಯ ಮಧ್ಯೆಯೋ ಬ್ರೇಕ್ ಹಿಡಿಯುವ ಜಾಗದಲ್ಲೋ. ಈ ಉತ್ತರದಲ್ಲೇ ಅರ್ಧ ದೋಷ ಸಿಕ್ಕಿಬಿಡುತ್ತದೆ.

ಫುಲ್ ಆಕ್ಸಿಲರೇಟರ್ ಕೊಟ್ಟು ಹೋಗುವಾಗ ನಿಧಾನಕ್ಕೆ ಶಕ್ತಿ ಕುಗ್ಗಿತು, ಸ್ವಲ್ಪ ಆಕ್ಸಿಲರೇಟರ್ ಬಿಟ್ಟ ಕೂಡಲೇ ಬೈಕು ಮುಂದಕ್ಕೆ ಎಳೆಯಿತು ಅಂದರೆ ಮೇನ್ ಜೆಟ್ (ಕಾರ್ಬ್ಯುರೇಟರ್ ಒಳಗೆ ಪೆಟ್ರೋಲ್ ಹಾಯುವ, ಅಳತೆಯ ತೂತಿರುವ ತಿರುಪು) ಚಿಕ್ಕದಾಗಿದೆ, ಇಲ್ಲವೇ ಪೆಟ್ರೋಲ್ ಸಾಕಾಗುತ್ತಿಲ್ಲ. ಪೂರ್ತಿ ತೆರೆದಾಗ ಬರ್‌ಬರ್ ಅಂತ ಒಡೆದ ದನಿ, ಹೊಗೆ, ಪ್ಲಗ್ ಒದ್ದೆ ಅಂದರೆ ಉಲ್ಟಾ, ಪೆಟ್ರೋಲ್ ಜಾಸ್ತಿ. ಇದು ಬೈಕನ್ನು ನಿಧಾನ ಮಾಡುತ್ತದೆ, ಪಿಸ್ಟನ್ ತಿನ್ನುವುದಿಲ್ಲ. ಸ್ವಿಚ್ ಆಫ್ ಮಾಡಿದ ಹಾಗೆ ಟಪ್ ಅಂತ ಕಟ್ಟಾಗಿ ಮತ್ತೆ ಬಂದರೆ ಕರೆಂಟಿನ ಕಡೆ ನೋಡಿ.

ನೇರ ದಾರಿಯೆಲ್ಲ ಚೆನ್ನಾಗಿ ಹೋಗಿ, ತಿರುವಿಗೆ ಆಕ್ಸಿಲರೇಟರ್ ಮುಚ್ಚಿದ ಮೇಲೆ ಸೀಜ್ ಆದರೆ ಅದು ಬೇರೆಯೇ ಕತೆ. ಪೆಟ್ರೋಲ್ ಜೊತೆ ಆಯಿಲ್ ಬೆರೆಸಿ ಓಡಿಸುವ ಎಂಜಿನ್‌ಗೆ ಪೆಟ್ರೋಲ್ ನಿಂತರೆ ಆಯಿಲ್ಲೂ ನಿಂತ ಹಾಗೆ. ಚಕ್ರ ಮಾತ್ರ ಎಂಜಿನ್ನನ್ನು ಇನ್ನೂ ಏಳೆಂಟು ಸಾವಿರ ಆರ್‌ಪಿಎಂನಲ್ಲಿ ತಿರುಗಿಸುತ್ತಿರುತ್ತದೆ. ಇಲ್ಲಿ ಪೈಲಟ್ ಜೆಟ್ (ಆಕ್ಸಿಲರೇಟರ್ ಮುಚ್ಚಿದಾಗ ಪೆಟ್ರೋಲ್ ಕೊಡುವ ಸಣ್ಣ ಜೆಟ್) ಕಟ್ಟಿದೆಯಾ, ಎಲ್ಲಾದರೂ ಏರ್ ಎಳೆಯುತ್ತಿದೆಯಾ ಅಂತ ಮೊದಲು ನೋಡಬೇಕು.

ಆಕ್ಸಿಲರೇಟರ್ ಎಷ್ಟು ತಿರುಗಿತ್ತು ಅಂತ ಕೇಳಿದರೆ ಎಲ್ಲರೂ "ಫುಲ್ ಅಣ್ಣಾ" ಅನ್ನುತ್ತಾರೆ. ಹ್ಯಾಂಡಲ್ ಹಿಡಿಕೆ ಮೇಲೆ ಒಂದು ಬಿಳಿ ಟೇಪ್ ಸುತ್ತಿ, ಮುಚ್ಚಿದ ಜಾಗ, ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಅಂತ ಪೆನ್ನಲ್ಲಿ ಗೀಟು ಹಾಕಿ. ಪಕ್ಕದ ಸ್ವಿಚ್ ಡಬ್ಬದ ಮೇಲೆ ಒಂದೇ ಗೀಟು. ಮಿಕುನಿ ಕಾರ್ಬ್ಯುರೇಟರ್‌ನಲ್ಲಿ ಎಂಟನೇ ಒಂದು ಭಾಗದವರೆಗೆ ಪೈಲಟ್ ಜೆಟ್ಟಿನ ಕೆಲಸ, ಕಾಲು ಭಾಗದ ಸುತ್ತ ಸ್ಲೈಡಿನ (ಆಕ್ಸಿಲರೇಟರ್ ತಿರುಗಿಸಿದಾಗ ಮೇಲೇಳುವ ಬಾಗಿಲು) ಅಡಿಯ ಕತ್ತರಿಸಿದ ಅಂಚು, ಅಲ್ಲಿಂದ ಮುಕ್ಕಾಲಿನವರೆಗೆ ಅದಕ್ಕೆ ತೂಗುವ ಸೂಜಿ ಅಂದರೆ ನೀಡಲ್, ಅದರ ಮೇಲೆ ಮೇನ್ ಜೆಟ್. ಗೀಟು ನೋಡಿದರೆ ಯಾವುದನ್ನು ಮುಟ್ಟಬೇಕು, ಯಾವುದನ್ನು ಮುಟ್ಟಬಾರದು ಅಂತ ಗೊತ್ತಾಗುತ್ತದೆ.

ಬ್ಲಾಕ್ ಬಿಚ್ಚಿ ಪಿಸ್ಟನ್ ನೋಡಿ

ಬಿಚ್ಚಿದ ಪಿಸ್ಟನ್ನನ್ನು ಸುಮ್ನೆ ಎಮರಿ ಪೇಪರ್ ಹಾಕಿ ಉಜ್ಜಬೇಡಿ. ಗಾಯ ಎಲ್ಲಿದೆ ಅನ್ನುವುದೇ ಸಾಕ್ಷಿ. ಸೈಲೆನ್ಸರ್ ಕಡೆ ಮಾತ್ರ ಉದ್ದುದ್ದ ಗೀರು ಇದ್ದರೆ ಶಾಖ ಜಾಸ್ತಿಯಾಗಿದೆ, ಅಂದರೆ ಪೆಟ್ರೋಲ್ ಕಮ್ಮಿ ಆಗಿರುವ ಸಾಧ್ಯತೆ ದೊಡ್ಡದು. ಸುತ್ತಲೂ ನಾಲ್ಕು ಮೂಲೆಯಲ್ಲಿ ಪಟ್ಟಿಪಟ್ಟಿ ಗುರುತು ಇದ್ದರೆ ಎಂಜಿನ್ ಸರಿಯಾಗಿ ಬಿಸಿಯಾಗುವ ಮುಂಚೆಯೇ ಬೀಸಿದ್ದೀರಿ, ಇಲ್ಲವೇ ಬೋರ್ ಬಿಗಿಯಾಗಿದೆ. ಪಿಸ್ಟನ್ ಬೇಗ ಉಬ್ಬುತ್ತದೆ, ದಪ್ಪ ಬ್ಲಾಕ್ ನಿಧಾನಕ್ಕೆ ಉಬ್ಬುತ್ತದೆ. ಸುತ್ತಲೂ ಒಂದೇ ಸಮ ಕೆರೆದಿದ್ದರೆ ಆಯಿಲ್ ಇಲ್ಲ. ಕಾರ್ಬ್ಯುರೇಟರ್ ಕಡೆ ಮಂಕಾಗಿ ಸವೆದಿದ್ದರೆ ಧೂಳು ಒಳಗೆ ಹೋಗಿದೆ. ಏರ್ ಫಿಲ್ಟರ್ ತೆಗೆದು ಊರ ರಸ್ತೆಯಲ್ಲಿ ಓಡಿಸಿದವರ ಪಿಸ್ಟನ್ ಹೀಗೇ ಇರುತ್ತದೆ.

ಪಿಸ್ಟನ್ ತಲೆಯ ಅಂಚು ಇರುವೆ ಕಚ್ಚಿದ ಹಾಗೆ ಕಿತ್ತುಹೋಗಿದ್ದರೆ, ನಡುವೆ ತೂತು ಬಿದ್ದಿದ್ದರೆ, ಪ್ಲಗ್ ಪಿಂಗಾಣಿ ಮೇಲೆ ಕಾಳುಮೆಣಸಿನ ಪುಡಿಯಂಥ ಚುಕ್ಕೆ ಕಂಡರೆ ಎಂಜಿನ್ ನಾಕಿಂಗ್ ಆಗಿದೆ, ಅಂದರೆ ಮಿಶ್ರಣ ಒಳಗೆ ಉರಿಯುವ ಬದಲು ಸಿಡಿದಿದೆ. ಆಗ ಜೆಟ್ ಜೊತೆಗೆ ಪ್ಲಗ್ ಕಿಡಿಯ ಟೈಮಿಂಗ್, ಹೆಡ್ ಎಷ್ಟು ಕೆತ್ತಿಸಿದ್ದೀರಿ ಅನ್ನುವುದನ್ನೂ ನೋಡಬೇಕು.

ಘಟ್ಟ ಇಳಿದರೆ ಜೆಟ್ ಬದಲಾಗಬೇಕು

ಈಗ ಮುಖ್ಯ ವಿಷಯ. ಹೊಸೂರು ಸಮುದ್ರ ಮಟ್ಟದಿಂದ ಹೆಚ್ಚುಕಮ್ಮಿ 900 ಮೀಟರ್ ಮೇಲಿದೆ. ಇರುಂಗಾಟ್ಟುಕೋಟ್ಟೈ ಚೆನ್ನೈ ಪಕ್ಕದ ಬಯಲು, ಸಮುದ್ರ ಮಟ್ಟಕ್ಕೆ ಹತ್ತಿರ. ನಮ್ಮೂರಲ್ಲಿ ಗಾಳಿಯ ಒತ್ತಡ ಅಲ್ಲಿಗಿಂತ ಶೇ. 10ರಷ್ಟು ಕಮ್ಮಿ. ಕೆಳಗೆ ಇಳಿದರೆ ಅದೇ ಎಂಜಿನ್, ಅದೇ ತೂತಿನಲ್ಲಿ ಜಾಸ್ತಿ ಗಾಳಿ ಎಳೆಯುತ್ತದೆ. ಪೆಟ್ರೋಲ್ ಅದಕ್ಕೆ ತಕ್ಕಷ್ಟು ಏರುವುದಿಲ್ಲ. ಮಿಶ್ರಣ ತೆಳುವಾಗುತ್ತದೆ, ಶಾಖ ಏರುತ್ತದೆ.

ಲೆಕ್ಕ ಹಾಕೋಣ. ಚೆನ್ನೈ ಬಿಸಿಲು ಗಾಳಿಯನ್ನು ಸ್ವಲ್ಪ ತೆಳು ಮಾಡುತ್ತದೆ, ಅದು ನಮಗೆ ಲಾಭ. ಹೊಸೂರಲ್ಲಿ 25 ಡಿಗ್ರಿ, ಅಲ್ಲಿ 35 ಡಿಗ್ರಿ ಅಂತ ಇಟ್ಟುಕೊಂಡರೂ ಗಾಳಿಯ ಸಾಂದ್ರತೆ ಶೇ. 7ರಷ್ಟು ಜಾಸ್ತಿಯೇ ಬರುತ್ತದೆ. ಬೆಳಿಗ್ಗೆ ತಂಪಿನಲ್ಲಿ ಪ್ರಾಕ್ಟೀಸ್ ಇದ್ದರೆ ಶೇ. 11. ಕಾರ್ಬ್ಯುರೇಟರ್ ತನ್ನಷ್ಟಕ್ಕೆ ಸುಮಾರು ಅರ್ಧದಷ್ಟನ್ನು ಸರಿದೂಗಿಸುತ್ತದೆ. ಉಳಿದ ಅರ್ಧ, ಅಂದರೆ ಶೇ. 4ರಿಂದ 5, ಜೆಟ್ ಬದಲಿಸಿ ನಾವೇ ತುಂಬಬೇಕು. ಜೆಟ್ ನಂಬರ್ 100ರ ಆಸುಪಾಸು ಇದ್ದರೆ 105 ಅಂತ ಅರ್ಥ. ಒಂದೇ ಒಂದು ಸೈಜ್. ಇಷ್ಟಕ್ಕೆ ಪಿಸ್ಟನ್ ಸುಡುತ್ತದಾ ಅಂತ ಕೇಳಬಹುದು. ಇದೊಂದರಿಂದ ಸುಡಲಿಕ್ಕಿಲ್ಲ. ಆದರೆ ಊರಲ್ಲಿ "ಸೂಪರ್ ಪಿಕಪ್" ಬರಲಿ ಅಂತ ಮೊದಲೇ ಅಂಚಿನವರೆಗೆ ಜೆಟ್ ಇಳಿಸಿರುತ್ತಾರೆ. ಅದರ ಮೇಲೆ ಇನ್ನೂ ಎರಡು ಸೇರುತ್ತವೆ.

ಒಂದು, ಇ20 ಪೆಟ್ರೋಲ್. ಈಗ ಬಂಕಿನಲ್ಲಿ ಸಿಗುವುದರಲ್ಲಿ ಶೇ. 20 ಎಥನಾಲ್ ಇದೆ. ಎಥನಾಲ್ ತನ್ನೊಳಗೇ ಆಮ್ಲಜನಕ ಹೊತ್ತುಕೊಂಡು ಬರುತ್ತದೆ, ಹಾಗಾಗಿ ಅಷ್ಟೇ ಗಾಳಿಗೆ ಇಂಧನ ಶೇ. 7–8ರಷ್ಟು ಜಾಸ್ತಿ ಬೇಕು. 1985ರಲ್ಲಿ ಈ ಬೈಕಿಗೆ ಜೆಟ್ ಆರಿಸಿದವರ ಮುಂದೆ ಇದ್ದದ್ದು ಬರೀ ಪೆಟ್ರೋಲ್.

ಎರಡನೆಯದು ರಸ್ತೆ. ನಮ್ಮ ಕಡೆ ರಸ್ತೆಯಲ್ಲಿ ಯಾರೂ ಟಾಪ್ ಗೇರಲ್ಲಿ ಫುಲ್ ತೆರೆದು ಅರ್ಧ ನಿಮಿಷ ಹಿಡಿಯಲು ಆಗುವುದಿಲ್ಲ, ಹಿಡಿಯಲೂ ಬಾರದು. ಅಂದರೆ ಊರಲ್ಲಿ ಬೈಕು ಓಡುವುದೆಲ್ಲ ನೀಡಲ್ ಮೇಲೆ. ಮೇನ್ ಜೆಟ್ಟಿಗೆ ಪರೀಕ್ಷೆಯೇ ಆಗಿರುವುದಿಲ್ಲ. 3.7 ಕಿ.ಮೀ. ಉದ್ದದ ಮದ್ರಾಸ್ ಟ್ರ್ಯಾಕ್‌ನಲ್ಲಿ ಮೊದಲ ಸಲ ಅದರ ಸರದಿ ಬರುತ್ತದೆ. "ಊರಲ್ಲಿ ಸರಿ ಇತ್ತು" ಅನ್ನುವ ಮಾತಿಗೆ ಇಲ್ಲಿ ಬೆಲೆ ಇಲ್ಲ.

ಆದ್ದರಿಂದ ಕೆಳಗೆ ಹೋಗುವಾಗ ಈಗಿರುವ ಜೆಟ್ಟಿಗಿಂತ ನಾಲ್ಕೈದು ಸೈಜ್ ದೊಡ್ಡವನ್ನೂ ಜೊತೆಗೆ ಒಯ್ಯಿರಿ. ಬರ್‌ಬರ್ ಅನ್ನುವಷ್ಟು ದೊಡ್ಡದು ಹಾಕಿ ಶುರು ಮಾಡಿ, ಒಂದೊಂದೇ ಇಳಿಸುತ್ತಾ ಬನ್ನಿ. ಕೆಳಗಿನಿಂದ ಮೇಲಕ್ಕೆ ಹತ್ತುವ ದಾರಿಯಲ್ಲಿ ಪ್ರತಿ ಹೆಜ್ಜೆಗೂ ಒಂದು ಪಿಸ್ಟನ್ ಖರ್ಚಾಗಬಹುದು. ಸೂಜಿ ಹಾಕಿ ಜೆಟ್ ತೂತು ದೊಡ್ಡ ಮಾಡುವ ಕೈಚಳಕ ನನಗಂತೂ ಹಿಡಿಸದು. ಹಾಗೆ ಮಾಡಿದ ಮೇಲೆ ಅದರ ಮೇಲಿರುವ ನಂಬರಿಗೆ ಅರ್ಥವಿಲ್ಲ. ಕೊಯಮತ್ತೂರಿನ ಕಾರಿ ಸ್ಪೀಡ್‌ವೇಗೆ ಹೋಗುವವರು ಗಮನಿಸಿ: ಅದು ಸುಮಾರು 400 ಮೀಟರ್ ಎತ್ತರದಲ್ಲಿದೆ, ಟ್ರ್ಯಾಕ್ ಉದ್ದ 2.1 ಕಿ.ಮೀ. ಅಲ್ಲಿ ಸರಿಹೋದ ಜೆಟ್ಟೂ ಚೆನ್ನೈಗೆ ಸರಿಹೋಗುತ್ತದೆ ಅನ್ನುವ ಹಾಗಿಲ್ಲ.

ಇನ್ನೊಂದು ತಪ್ಪು ಲೆಕ್ಕ. ಸೀಜ್ ಆಯ್ತು ಅಂತ ಹೆದರಿ ಆಯಿಲ್ ದುಪ್ಪಟ್ಟು ಸುರಿಯುತ್ತಾರೆ. ಜೆಟ್ ತೂತಿನಲ್ಲಿ ಹೋಗುವುದು ಪೆಟ್ರೋಲ್ ಮತ್ತು ಆಯಿಲ್ ಎರಡೂ ಸೇರಿ. ಆಯಿಲ್ ಜಾಸ್ತಿಯಾದಷ್ಟು ಪೆಟ್ರೋಲ್ ಕಮ್ಮಿ, ಮಿಶ್ರಣ ಇನ್ನಷ್ಟು ತೆಳು. ಬೈಕಿನ ಆಯಿಲ್ ಪಂಪ್ ತೆಗೆದು ಪೆಟ್ರೋಲಿಗೇ ಆಯಿಲ್ ಮಿಕ್ಸ್ ಹಾಕುವವರು ಒಂದು ಅಳತೆ ಹಿಡಿದು ಅದಕ್ಕೇ ಅಂಟಿಕೊಳ್ಳಿ. 25ಕ್ಕೆ 1 ಅಂದರೆ ಲೀಟರಿಗೆ 40 ಮಿ.ಲೀ., 30ಕ್ಕೆ 1 ಅಂದರೆ 33 ಮಿ.ಲೀ. ಅಳತೆ ಬದಲಿಸಿದರೆ ಜೆಟ್ಟನ್ನೂ ಮತ್ತೆ ನೋಡಬೇಕು.

ಪೆಟ್ರೋಲ್ ಇಳಿಯುತ್ತಿದೆಯಾ?

ಜೆಟ್ ದೊಡ್ಡದು ಹಾಕಿಯೂ ಅದೇ ದೂರು ಇದ್ದರೆ ಟ್ಯಾಂಕಿನಿಂದ ಬರುವುದೇ ಸಾಲುತ್ತಿಲ್ಲ. ಕಾರ್ಬ್ಯುರೇಟರ್ ಹತ್ತಿರ ಪೈಪ್ ಬಿಚ್ಚಿ, ಒಂದು ಅಳತೆ ಬಾಟಲಿಗೆ ಒಂದು ನಿಮಿಷ ಬಿಡಿ. ಪೂರ್ತಿ ತೆರೆದು ಓಡುವ 100 ಸಿಸಿ ಎಂಜಿನ್ ನಿಮಿಷಕ್ಕೆ ಸುಮಾರು 100 ಮಿ.ಲೀ. ಕುಡಿಯುತ್ತದೆ. ಬಾಟಲಿಯಲ್ಲಿ ಅದರ ಎರಡರಷ್ಟಾದರೂ ಬೀಳಬೇಕು. ಟ್ಯಾಂಕ್ ಮುಚ್ಚಳ ಹಾಕಿಯೇ ಈ ಪರೀಕ್ಷೆ ಮಾಡಿ. ಮುಚ್ಚಳ ತೆಗೆದ ಕೂಡಲೇ ಧಾರೆ ದಪ್ಪವಾದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಐದು ಪೈಸೆ ಖರ್ಚಿಲ್ಲದ ದೋಷ, ಆದರೆ ಎಷ್ಟೋ ಪಿಸ್ಟನ್ ತಿಂದಿದೆ.

ಹಳೇ ಟ್ಯಾಂಕಿನ ತುಕ್ಕು ಪೆಟ್ರೋಲ್ ಕಾಕ್‌ನ ಜರಡಿಯಲ್ಲಿ ಕೂರುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಬೈಕಿನ ಟ್ಯಾಂಕಿನಲ್ಲಿ ನೀರು, ಎಥನಾಲ್ ಸೇರಿ ತಳಕ್ಕೆ ಬೇರೆಯಾಗಿ ನಿಲ್ಲಬಹುದು. ಹಳೇ ರಬ್ಬರ್ ಪೈಪ್, ಓರಿಂಗ್ ಮೆತ್ತಗಾಗಿ ಉಬ್ಬುತ್ತವೆ. ರೇಸಿಗೆ ಹೋಗುವ ಮುಂಚೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಿ.

ಬಿಪಿ ಮಷೀನ್ ಹಿಡಿದು ಸೋರಿಕೆ ಹುಡುಕುವುದು

ಟೂ-ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಇರುವ ಕೋಣೆಯೇ ಒಂದು ಪಂಪು. ಅಲ್ಲಿ ಎಲ್ಲಾದರೂ ಗಾಳಿ ಎಳೆದರೆ ನೀವು ಎಷ್ಟು ಜೆಟ್ ಬದಲಿಸಿದರೂ ನೀರಿನಲ್ಲಿ ಹೋಮ. ಲಕ್ಷಣ: ಆಕ್ಸಿಲರೇಟರ್ ಬಿಟ್ಟರೂ ಆರ್‌ಪಿಎಂ ಬೇಗ ಇಳಿಯುವುದಿಲ್ಲ, ಐಡಲಿಂಗ್ ಒಮ್ಮೆ ಏರುತ್ತದೆ ಒಮ್ಮೆ ಇಳಿಯುತ್ತದೆ.

ಇದನ್ನು ಪತ್ತೆ ಮಾಡಲು ದುಬಾರಿ ಸಾಮಾನು ಬೇಡ. ಡಾಕ್ಟರ ಹತ್ತಿರ ಇರುತ್ತದಲ್ಲ, ಕೈಗೆ ಪಟ್ಟಿ ಕಟ್ಟಿ ಬಲ್ಬ್ ಒತ್ತುವ ಡಯಲ್ ಇರುವ ಹಳೇ ಬಿಪಿ ಮಷೀನ್, ಅದು ಸಾಕು. ಅದರ ಡಯಲ್ 300 ಎಂಎಂವರೆಗೆ ಇರುತ್ತದೆ. ಅದು ಸುಮಾರು 0.4 ಬಾರ್, ಈ ಪರೀಕ್ಷೆಗೆ ಬೇಕಾದ ಒತ್ತಡ ಸರಿಯಾಗಿ ಅಷ್ಟೇ. ಪಟ್ಟಿ ಬಿಚ್ಚಿ ಪಕ್ಕಕ್ಕಿಡಿ, ಬಲ್ಬ್, ಡಯಲ್, ಪೈಪ್ ಇಟ್ಟುಕೊಳ್ಳಿ.

ಸೈಲೆನ್ಸರ್ ಬಿಚ್ಚಿ, ಆ ಬಾಯಿಗೆ ಒಂದು ತಗಡು ಕತ್ತರಿಸಿ, ಹಿಂದೆ ಸೈಕಲ್ ಟ್ಯೂಬಿನ ರಬ್ಬರ್ ಇಟ್ಟು ಬಿಗಿಯಿರಿ. ತಗಡಿನ ನಡುವೆ ಬಿಪಿ ಪೈಪ್ ಸಿಕ್ಕಿಸಲು ಒಂದು ಸಣ್ಣ ನಿಪ್ಪಲ್ ಬೇಕು, ಲೇತ್ ಅಂಗಡಿಯಲ್ಲಿ ಮಾಡಿಕೊಡುತ್ತಾರೆ. ಕಾರ್ಬ್ಯುರೇಟರ್ ತೆಗೆದು, ಅದು ಕೂರುವ ರಬ್ಬರ್ ಬಾಯಿಗೆ ದುಂಡನೆ ಮರದ ತುಂಡೋ ನೈಲಾನ್ ತುಂಡೋ ಹಾಕಿ ಕ್ಲಿಪ್ ಬಿಗಿಯಿರಿ. ಪ್ಲಗ್ ಹಾಕಿ. ಪಿಸ್ಟನ್ ಪೂರ್ತಿ ಕೆಳಗೆ ಬರುವಂತೆ ಮಾಡಿ, ಆಗ ಸಿಲಿಂಡರ್ ಗೋಡೆಯ ತೂತುಗಳಾದ ಪೋರ್ಟ್‌ಗಳೆಲ್ಲ ತೆರೆದು ಮೇಲಿನ ಕೋಣೆ, ಕೆಳಗಿನ ಕೋಣೆ ಒಂದಾಗುತ್ತವೆ. ನಿಧಾನಕ್ಕೆ ಬಲ್ಬ್ ಒತ್ತಿ 300ಕ್ಕೆ ತನ್ನಿ. ಅದಕ್ಕಿಂತ ಜಾಸ್ತಿ ಬೇಡ, ಸೀಲ್ ಎದ್ದು ಬರುತ್ತದೆ. ಕಂಪ್ರೆಸರ್ ಗಾಳಿ ಅಂತೂ ಹಿಡಿಯಲೇಬೇಡಿ.

ಈಗ ಮುಳ್ಳು ನೋಡುತ್ತಾ ಕೂರಿ. ಒಳ್ಳೆ ಎಂಜಿನ್ನಿನಲ್ಲಿ ಐದಾರು ನಿಮಿಷ ಆದರೂ ಮುಳ್ಳು ಅಲುಗಿಯೂ ಅಲುಗದ ಹಾಗಿರುತ್ತದೆ. ನಿಮಿಷಕ್ಕೆ 50ಕ್ಕಿಂತ ಜಾಸ್ತಿ ಬಿದ್ದರೆ ಸೋರಿಕೆ ಇದೆ. ಸೋಪಿನ ನೀರು ಬ್ರಷ್‌ನಲ್ಲಿ ಬಳಿಯಿರಿ: ಹೆಡ್ ಪ್ಯಾಕಿಂಗ್, ಬ್ಲಾಕ್ ಕೆಳಗಿನ ಪ್ಯಾಕಿಂಗ್, ರಬ್ಬರ್ ಬಾಯಿ, ಎರಡು ಕೇಸ್ ಕೂಡುವ ಗೆರೆ, ಆಯಿಲ್ ಪಂಪ್ ತೆಗೆದು ಮುಚ್ಚಿದ ತೂತು. ಈ ಕೊನೆಯದನ್ನು ಬೋಲ್ಟ್ ಹಾಕಿ ಎಂ-ಸೀಲ್ ಬಳಿದು ಬಿಟ್ಟಿರುತ್ತಾರೆ, ಅಲ್ಲೇ ಗುಳ್ಳೆ ಬರುತ್ತದೆ. ಆಮೇಲೆ ಕ್ರ್ಯಾಂಕ್ ತುದಿಯ ಮ್ಯಾಗ್ನೆಟ್ ಬಿಚ್ಚಿ ಅದರ ಹಿಂದಿನ ಆಯಿಲ್ ಸೀಲ್ ಮೇಲೆ ಬಳಿಯಿರಿ.

ಕ್ಲಚ್ ಕಡೆಯ ಸೀಲ್ ಕಣ್ಣಿಗೆ ಕಾಣುವುದಿಲ್ಲ. ಅದು ಗೇರ್ ಬಾಕ್ಸ್ ಒಳಕ್ಕೆ ಸೋರುತ್ತದೆ. ಗೇರ್ ಆಯಿಲ್ ಹಾಕುವ ಬಿರಡೆ ಬಿಗಿಯಾಗಿ ಮುಚ್ಚಿ, ಗೇರ್ ಬಾಕ್ಸಿನ ಗಾಳಿ ಪೈಪಿನ ಬಾಯಿಗೆ ಸೋಪಿನ ನೀರಿನ ಒಂದು ಪರದೆ ಹಿಡಿಸಿ. ಮಕ್ಕಳು ಊದುವ ಗುಳ್ಳೆಯ ಹಾಗೆ ಅದು ನಿಧಾನಕ್ಕೆ ಉಬ್ಬುತ್ತಾ ಬಂದರೆ ಸೀಲ್ ಹೋಗಿದೆ. ಓಡುವಾಗ ಬಿಳಿ ಹೊಗೆ, ಗೇರ್ ಆಯಿಲ್ ಕಮ್ಮಿಯಾಗುವುದು ಇದ್ದರೆ ಅನುಮಾನವೇ ಬೇಡ. ಎರಡು ಸೀಲನ್ನೂ ಒಟ್ಟಿಗೇ ಬದಲಿಸಿ. ಹಾಗೇ ಕ್ರ್ಯಾಂಕ್ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಬೇರಿಂಗ್ ಆಡುತ್ತಿದ್ದರೆ ಹೊಸ ಸೀಲ್ ಕೂಡ ನಾಲ್ಕು ದಿನ ಬಾಳುವುದಿಲ್ಲ.

ಯೆಜ್ಡಿಯಲ್ಲೂ ಇದೇ ವಿಧಾನ. ಆರ್‌ಡಿ 350 ಇದ್ದರೆ ಎರಡು ಸಿಲಿಂಡರಿಗೆ ಎರಡು ಕೋಣೆ, ಒಂದೊಂದನ್ನೂ ಬೇರೆಬೇರೆ ಪರೀಕ್ಷಿಸಬೇಕು.

ಕರೆಂಟು

ಇಲ್ಲಿ ಜಾಸ್ತಿ ಹೇಳುವುದಿಲ್ಲ. ಪಾಯಿಂಟ್ (ಕಿಡಿ ಹಾರಿಸಲು ತೆರೆದು ಮುಚ್ಚುವ ಸಣ್ಣ ಸ್ವಿಚ್) ಇರುವ ಬೈಕಿನಲ್ಲಿ ಪಾಯಿಂಟ್ ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ, ಆದ್ದರಿಂದ ಮೊದಲು ಗ್ಯಾಪ್, ಆಮೇಲೆ ಡಯಲ್ ಗೇಜ್ ಹಾಕಿ ಟೈಮಿಂಗ್. ಕಣ್ಣಂದಾಜು ಬೇಡ. ಟೈಮಿಂಗ್ ಮುಂದಕ್ಕೆ ಹೋದಷ್ಟು ಪಿಸ್ಟನ್ ಮೇಲೆ ಶಾಖ. ಮ್ಯಾಗ್ನೆಟ್ ಕೂರಿಸುವ ಸಣ್ಣ ಕೀ ಅರ್ಧ ಕತ್ತರಿಸಿದ್ದರೂ ಟೈಮಿಂಗ್ ತಪ್ಪುತ್ತದೆ. ತಣ್ಣಗಿದ್ದಾಗ ಸರಿ, ಬಿಸಿಯಾದಾಗ ಮಿಸ್ಸಿಂಗ್ ಅಂದರೆ ಕಂಡೆನ್ಸರ್ ಅಥವಾ ಕಾಯಿಲ್. ಪ್ಲಗ್ ವಿಷಯದಲ್ಲಿ ರೇಸಿಗೆ ಒಂದು ಹೆಜ್ಜೆ ತಣ್ಣನೆಯದು, ಅಂದರೆ ಶಾಖವನ್ನು ಬೇಗ ಹೊರಹಾಕುವುದು, ಹಾಕುವುದು ವಾಡಿಕೆ. ಎನ್‌ಜಿಕೆಯಲ್ಲಿ ನಂಬರ್ ದೊಡ್ಡದಾದಷ್ಟು ಪ್ಲಗ್ ತಣ್ಣಗೆ, 7ರ ಬದಲು 8.

ಸರಿಯಾಯ್ತಾ ಅಂತ ತಿಳಿಯುವುದು

ಹೊಸ ಪಿಸ್ಟನ್ ಕೂರಿಸಿ, ಪ್ರಾಕ್ಟೀಸ್ ಇರುವ ದಿನ ದೊಡ್ಡ ಜೆಟ್ ಜೊತೆ ಇಳಿಯಿರಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಪಿಟ್ಟಿಗೆ ಬಂದು ಹೊಸ ಪ್ಲಗ್ ಹಾಕಿ. ನೇರ ದಾರಿಯಲ್ಲಿ ಟಾಪ್ ಗೇರ್, ಆಕ್ಸಿಲರೇಟರ್ ಪೂರ್ತಿ ತೆರೆದಿರುವಾಗಲೇ ಕ್ಲಚ್ ಹಿಡಿದು ಕಿಲ್ ಸ್ವಿಚ್ ಒತ್ತಿ, ಜಾರುತ್ತಾ ಪಿಟ್ಟಿಗೆ ಬನ್ನಿ. ಇದನ್ನು ಮೊದಲೇ ಅಧಿಕಾರಿಗಳಿಗೆ ಹೇಳಿ, ಹಿಂದೆ ಯಾರೂ ಇಲ್ಲದಾಗ ಮಾಡಿ. ಐಡಲಿಂಗ್‌ನಲ್ಲಿ ಬಂದ ಪ್ಲಗ್ ಏನೂ ಹೇಳುವುದಿಲ್ಲ.

ಪ್ಲಗ್ಗಿನ ತುದಿಯ ಬಣ್ಣ ನೋಡಿ ಮೋಸ ಹೋಗಬೇಡಿ. ಸೀಸ ಇಲ್ಲದ ಪೆಟ್ರೋಲಿನಲ್ಲಿ ತುದಿ ಬೆಳ್ಳಗೇ ಇರುತ್ತದೆ. ಟಾರ್ಚ್, ಭೂತಗನ್ನಡಿ ಹಿಡಿದು ಬಿಳಿ ಪಿಂಗಾಣಿಯ ಬುಡ ನೋಡಿ, ಲೋಹದೊಳಗೆ ಇಳಿಯುವ ಆ ಆಳದಲ್ಲಿ. ಅಲ್ಲಿ ಕಂದು ಬಣ್ಣದ ಒಂದು ಉಂಗುರ ಇರಬೇಕು. ಉಂಗುರವೇ ಇಲ್ಲದಿದ್ದರೆ ಮಿಶ್ರಣ ತೆಳು, ಜೆಟ್ ಏರಿಸಿ. ಉಂಗುರ ಅಗಲವಾಗಿ ಕಪ್ಪಗಿದ್ದರೆ ಒಂದು ಸೈಜ್ ಇಳಿಸಿ. ಬೆಳಗಿನ ತಂಪಿನಲ್ಲಿ ಸರಿಹೋದ ಜೆಟ್ ಮಧ್ಯಾಹ್ನ ಸ್ವಲ್ಪ ಜಾಸ್ತಿ ಪೆಟ್ರೋಲ್ ಕೊಡುತ್ತದೆ, ಅದು ಇರಲಿ. ಮಧ್ಯಾಹ್ನ ಆರಿಸಿದ ಜೆಟ್ಟನ್ನು ಮಾರನೇ ಬೆಳಿಗ್ಗೆ ಹಾಗೇ ಇಟ್ಟು ಇಳಿಯುವುದು ಮಾತ್ರ ಅಪಾಯ.

ಎಲ್ಲ ಸರಿಯಿದ್ದೂ ನಾಲ್ಕು ಮೂಲೆಯ ಗುರುತು ಮತ್ತೆ ಬಂದರೆ ಬೋರ್ ಹಾಕಿದವರ ಹತ್ತಿರ ಕ್ಲಿಯರೆನ್ಸ್ (ಪಿಸ್ಟನ್, ಸಿಲಿಂಡರ್ ನಡುವಿನ ಸಂದು) ಕೇಳಿ. ಪಿಸ್ಟನ್ ಕಂಪನಿ ಕೊಟ್ಟ ಅಳತೆಯನ್ನು ಮೈಕ್ರೋಮೀಟರ್, ಬೋರ್ ಗೇಜ್ ಹಿಡಿದು ನಿಮ್ಮ ಮುಂದೆಯೇ ನೋಡಲಿ. ಓವರ್‌ಸೈಜ್ 0.25, 0.50 ಮಿ.ಮೀ. ಅಂತ ಹೋಗುತ್ತಾ 1.00ಕ್ಕೆ ಬಂದು ನಿಂತಿದ್ದರೆ ಮುಂದೆ ಸ್ಲೀವ್ ಬದಲಿಸುವುದೇ ದಾರಿ. ಪೋರ್ಟ್ ಅಂಚುಗಳನ್ನು ಎಮರಿ ಪೇಪರ್ ಹಾಕಿ ಸ್ವಲ್ಪ ಮೊಂಡು ಮಾಡಿದ್ದಾರಾ ಅಂತಲೂ ಬೆರಳಾಡಿಸಿ ನೋಡಿ. ಚೂಪಾದ ಅಂಚಿಗೆ ರಿಂಗ್ ಸಿಕ್ಕಿಕೊಂಡರೆ ಜೆಟ್ಟಿನ ಮೇಲೆ ಹಾಕಿದ ಶ್ರಮವೆಲ್ಲ ಒಂದೇ ಸುತ್ತಿಗೆ ಮುಗಿಯುತ್ತದೆ.